ತೋಟದ ಪವರ್ ಟಿಲ್ಲರ್: ರಚನೆ ಮತ್ತು ದುರಸ್ತಿ

ಯಲ್ಲದಕೆರೆ ಸೇರಿದಂತೆ ಹಿರಿಯೂರು ಸೀಮೆಯ ಅಡಿಕೆ ತೋಟಗಳಲ್ಲಿ ಸಾಲುಗಳ ಅಂತರ ಸಾಮಾನ್ಯವಾಗಿ ಸುಮಾರು 9 ಅಡಿ ಮಾತ್ರವಿರುವುದರಿಂದ, ದೊಡ್ಡ ಟ್ರ್ಯಾಕ್ಟರ್ ತಿರುಗಲಾಗದ ಕಡೆ ಮಣ್ಣು ಸಡಿಲಿಸಲು ಒದಗಿದ್ದು ಪವರ್ ಟಿಲ್ಲರ್, ಅಂದರೆ ಚಾಲಕನು ಹಿಂದೆ ನಡೆಯುತ್ತ ಹಿಡಿಕೆಗಳಿಂದ ನಡೆಸುವ ಎರಡು ಗಾಲಿಯ ಉಳುವ ಯಂತ್ರ. ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಸಂಸ್ಥೆಯು ಇವುಗಳನ್ನು ಕರ್ನಾಟಕದಲ್ಲಿಯೇ ತಯಾರಿಸತೊಡಗಿತು.

ಇದರ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ನೀರಿನಿಂದ ತಂಪಾಗುತ್ತದೆ. ಶಕ್ತಿಯು ವಿ-ಬೆಲ್ಟುಗಳ ಮೂಲಕ ಕ್ಲಚ್ಚಿಗೂ ಅಲ್ಲಿಂದ ಗೇರುಪೆಟ್ಟಿಗೆಗೂ ಸಾಗುತ್ತದೆ. ಹಳೆಯ ಯಂತ್ರವು ಚಾಲೂ ಆಗದಿದ್ದಾಗ ಕೆಟ್ಟದ್ದು ಎಂಜಿನ್ನೇ ಎಂದು ಭಾವಿಸುವುದು ಅವಸರದ ತೀರ್ಮಾನ. ಟ್ಯಾಂಕು ಬರಿದಾದಾಗ ಇಂಧನದ ಕೊಳವೆಗೆ ಗಾಳಿ ಸೇರಿದರೆ ಪಂಪು ಡೀಸೆಲನ್ನು ಒತ್ತಡದಿಂದ ಚಿಮ್ಮಿಸಲಾರದು. ಆಗ ಪಂಪಿನ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಂತು ಡೀಸೆಲ್ ಮಾತ್ರ ಹರಿಯುವವರೆಗೆ ಬಿಟ್ಟು, ಮತ್ತೆ ಬಿಗಿಯುವುದೇ ‘ಏರ್ ತೆಗೆಯುವುದು’. ಬಳಿಕ ಸಿಲಿಂಡರಿನ ಒತ್ತಡ ಇಳಿಸುವ ಡಿಕಂಪ್ರೆಷನ್ ಸನ್ನೆಯನ್ನು ಎತ್ತಿಹಿಡಿದು, ಎಂಜಿನ್ ಚಾಲೂ ಮಾಡುವ ಹ್ಯಾಂಡಲನ್ನು ರಭಸವಾಗಿ ಸುತ್ತಿ, ವೇಗ ಬಂದೊಡನೆ ಸನ್ನೆಯನ್ನು ಬಿಡಬೇಕು.

ಬಯಲುಸೀಮೆಯ ಧೂಳು ಸಿಲಿಂಡರನ್ನು ಸವೆಸುವುದರಿಂದ, ಒಳಹೋಗುವ ಗಾಳಿಯ ಧೂಳನ್ನು ಎಣ್ಣೆಯಲ್ಲಿ ಹಿಡಿದಿಡುವ ಏರ್ ಕ್ಲೀನರನ್ನು ಆಗಾಗ ತೊಳೆದು ಎಣ್ಣೆ ಬದಲಿಸುವುದು ಬಿಡಿಭಾಗ ವಿರಳವಾದ ಯಂತ್ರಗಳಿಗೆ ಅತ್ಯಗತ್ಯ. ಮಣ್ಣು ಕತ್ತರಿಸುವ ಬಾಗಿದ ಅಲಗುಗಳಲ್ಲಿ ಎಡದವು, ಬಲದವು ಬೇರೆ ಬೇರೆಯಾದ್ದರಿಂದ, ಸವೆದವನ್ನು ಬದಲಿಸುವಾಗ ಅವು ಅದಲುಬದಲಾದರೆ ಉಳುಮೆ ಸಮನಾಗದು.