ಬೆಂಗಳೂರಿನ ನೀರೂ ಅದರ ಋಣವೂ

ಬೆಂಗಳೂರಿನ ಮನೆಗಳ ನಲ್ಲಿಗೆ ಇಂದು ಬರುವ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರುಗಳ ದೂರವನ್ನು ಕ್ರಮಿಸಿ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ನೆಲೆಗಳಲ್ಲಿ ಯಂತ್ರಬಲದಿಂದ ಮೇಲೆತ್ತಲ್ಪಟ್ಟು, ಒಟ್ಟು ಐನೂರು ಮೀಟರಿನಷ್ಟು ಏರಿ ಬರುತ್ತದೆಂಬುದನ್ನು ಬಲ್ಲವರು ಅನೇಕರಿದ್ದಾರೆ. ಆ ಏರಿಕೆಗೆ ತಗಲಿದ ಹಣವನ್ನು ಯಾರು ಕೊಟ್ಟರು, ಯಾರಿಂದ ಪಡೆದು ಕೊಟ್ಟರು, ಕಟ್ಟಿ ಮುಗಿಸಿದ ತರುವಾಯ ಅದನ್ನು ಕಾಪಾಡುವ ಭಾರವನ್ನು ಯಾರ ಹೆಗಲಿಗೆ ಹೊರಿಸಿದರು ಎಂಬುದನ್ನು ವಿಚಾರಿಸಿದವರು ವಿರಳ. ನಗರದ ಚರಿತ್ರೆಯನ್ನು ಅದರ ಕೋಟೆಕೊತ್ತಲಗಳಿಂದಲೂ ಗುಡಿಗೋಪುರಗಳಿಂದಲೂ ಅರಿಯುವಂತೆ ಅದರ ಆಯವ್ಯಯದ ಲೆಕ್ಕದಿಂದಲೂ ಅರಿಯಬಹುದು. ಬೆಂಗಳೂರಿನ ಮಟ್ಟಿಗೆ ನೀರಿನ ಲೆಕ್ಕವನ್ನು ಹಿಡಿದು ಹೊರಟರೆ ಈ ಊರಿನ ಸ್ವಾತಂತ್ರ್ಯ ಎಲ್ಲಿ ಬೆಳೆಯಿತು, ಎಲ್ಲಿ ಕ್ಷೀಣಿಸಿತು ಎಂಬುದೂ ಜೊತೆಯಲ್ಲಿಯೇ ಗೋಚರವಾಗುತ್ತದೆ.

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ, ಬಿದ್ದ ಮಳೆ ಹಲವು ದಿಕ್ಕುಗಳಿಗೆ ಇಳಿದುಹೋಗುವ ದಿಣ್ಣೆಯ ಮೇಲೆ, ಸಮೀಪದಲ್ಲಿ ಜೀವನದಿಯೊಂದೂ ಇಲ್ಲದೆ ನೆಲೆಗೊಂಡ ಊರಿಗೆ ಕೆರೆಯ ವಿನಾ ಅನ್ಯಗತಿ ಇರಲಿಲ್ಲ. 1537ರಲ್ಲಿ ಕೆಂಪೇಗೌಡನು ಪೇಟೆಯನ್ನು ಕಟ್ಟಿಸಿದನೆಂದು ಹೇಳುವ ಪರಂಪರೆಯೇ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳನ್ನೂ ಅವನ ಹೆಸರಿಗೆ ಸೇರಿಸುತ್ತದೆ. ಕೆರೆಯನ್ನು ಕಟ್ಟುವುದಕ್ಕೆ ಹಣವೆಲ್ಲಿಂದ ಬರುತ್ತಿತ್ತೆಂಬ ಪ್ರಶ್ನೆಗೆ ನಮ್ಮ ನಾಡಿನ ಶಿಲಾಶಾಸನಗಳು ಸ್ಪಷ್ಟವಾದ ಉತ್ತರವನ್ನು ಕೊಡುತ್ತವೆ. ಕೆರೆ ಕಟ್ಟಿಸಿದವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲನ್ನು ಕರರಹಿತವಾಗಿ ಬಿಟ್ಟುಕೊಡುತ್ತಿದ್ದರು. ಅದನ್ನು ಕಟ್ಟುಕೊಡಗೆಯೆಂದೂ ಬಿತ್ತುವಟ್ಟವೆಂದೂ ದಶವಂದವೆಂದೂ ಕಾಲದೇಶಗಳಿಗನುಸಾರವಾಗಿ ಬೇರೆ ಬೇರೆ ಹೆಸರುಗಳಿಂದ ಕರೆದರೂ ಅದರ ತತ್ತ್ವ ಒಂದೇ. ಕೆರೆ ತುಂಬಿದರೆ ಕೊಡಗೆಯ ಗದ್ದೆ ಬೆಳೆಯುತ್ತದೆ, ಗದ್ದೆ ಬೆಳೆದರೆ ಹೂಳೆತ್ತಿಸುವುದಕ್ಕೂ ಏರಿಯನ್ನು ಭದ್ರಪಡಿಸುವುದಕ್ಕೂ ತೂಬನ್ನು ದುರಸ್ತಿ ಮಾಡಿಸುವುದಕ್ಕೂ ಸಾಮರ್ಥ್ಯ ಬರುತ್ತದೆ. ಏರಿ ಒಡೆದರೆ ಒಡೆಯನ ಬಾಳೂ ಒಡೆಯುತ್ತದೆ. ನೀರನ್ನು ಹಂಚುವ ನೀರಗಂಟಿಗೂ ಇದೇ ರೀತಿಯಾಗಿ ಜಮೀನೋ ಧಾನ್ಯದ ಪಾಲೋ ಗೊತ್ತಾಗಿತ್ತು. ಆ ವ್ಯವಸ್ಥೆಯಲ್ಲಿ ಸಮಾನತೆ ಇರಲಿಲ್ಲ: ಭೂಮಿ ಉಳ್ಳವನಿಗೆ ಮಾನವಿತ್ತು, ಏರಿಗೆ ಮಣ್ಣು ಹೊತ್ತವನಿಗೆ ಅನೇಕ ಕಡೆ ಆ ನೀರನ್ನು ಮುಟ್ಟುವ ಹಕ್ಕೂ ಇರಲಿಲ್ಲ. ಆ ಅನ್ಯಾಯವನ್ನು ಮರೆಮಾಚದೆ ಹೇಳಿಯೂ, ಕಟ್ಟುವ ವೆಚ್ಚ ಮತ್ತು ಕಾಯುವ ವೆಚ್ಚ ಇವೆರಡನ್ನೂ ಒಂದೇ ಶಾಸನದಲ್ಲಿ ಒಟ್ಟಿಗೆ ಬಂಧಿಸಿದ ಅವರ ವಿವೇಕವನ್ನು ನಾನು ಗೌರವದಿಂದಲೇ ಸ್ಮರಿಸುತ್ತೇನೆ; ಏಕೆಂದರೆ ತರುವಾಯದ ಕಾಲದಲ್ಲಿ ಈ ಎರಡು ವೆಚ್ಚಗಳು ಬೇರೆಯಾದುವು, ಬೇರೆಯಾದ ಮೇಲೆ ಮತ್ತೆ ಕೂಡಲೇ ಇಲ್ಲ.

1862ರಲ್ಲಿ, 1850ನೆಯ ಇಸವಿಯ 26ನೆಯ ಆಕ್ಟಿನ ಮೇರೆಗೆ, ಬೆಂಗಳೂರಿನಲ್ಲಿ ಒಂದಲ್ಲ ಎರಡು ಮುನಿಸಿಪಾಲಿಟಿಗಳು ಏರ್ಪಟ್ಟುವು: ಪೇಟೆಗೆ ಒಂದು, ಬ್ರಿಟಿಷ್ ಸೈನ್ಯದ ನೆಲೆಯಾದ ದಂಡಿಗೆ ಒಂದು. ಊರೊಳಕ್ಕೆ ಬರುವ ಸರಕಿನ ಮೇಲಣ ಸುಂಕ, ಮನೆ ಕಂದಾಯ ಇವೇ ಅವುಗಳ ಮುಖ್ಯ ಆದಾಯ. ಈ ಅಲ್ಪಧನದಿಂದ ಬೀದಿ ಗುಡಿಸುವುದು, ದೀಪ ಹಚ್ಚುವುದು, ಚರಂಡಿ ತೋಡುವುದು ಸಾಧ್ಯವಿತ್ತೇ ಹೊರತು, ಹಲವು ಮೈಲಿಗಳಾಚೆಯಿಂದ ನೀರು ತರುವ ಮಹಾಕಾರ್ಯವನ್ನು ಸಂಕಲ್ಪಿಸುವುದಕ್ಕೂ ಧೈರ್ಯ ಸಾಲುತ್ತಿರಲಿಲ್ಲ. ಅಷ್ಟರಲ್ಲಿ 1876–78ರ ಮಹಾಕ್ಷಾಮ ಬಂದಿತು. ಮೈಸೂರು ಸೀಮೆಯಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದ ಆ ದುರಂತದಲ್ಲಿ ಕೆರೆಯನ್ನೇ ನಂಬಿದ ಊರಿನ ಅಸಹಾಯಕತೆ ಪ್ರತ್ಯಕ್ಷವಾಯಿತು. ದಂಡಿನ ನೀರಿಗಾಗಿ 1882ರಲ್ಲಿ ಸ್ಯಾಂಕಿ ಕೆರೆಯನ್ನು ಕಟ್ಟಿದರು. ಪೇಟೆಯ ಜನ ಹಳೆಯ ಕೆರೆಬಾವಿಗಳಲ್ಲಿಯೇ ಕೊಡ ಮುಳುಗಿಸುತ್ತಿದ್ದರು.

1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರ ಆಡಳಿತದಿಂದ ಒಡೆಯರ ಮನೆತನಕ್ಕೆ ಹಿಂದಿರುಗಿದಾಗ ಕ್ಷಾಮದ ನಿಮಿತ್ತವಾಗಿ ಇಂಡಿಯಾ ಸರ್ಕಾರಕ್ಕೆ ಸಲ್ಲಬೇಕಾಗಿದ್ದ 80 ಲಕ್ಷ ರೂಪಾಯಿಗಳ ಸಾಲವೂ ಅದರೊಡನೆ ಬಂದಿತು. ಬ್ರಿಟಿಷರಿಗೆ ವರ್ಷಂಪ್ರತಿ ತೆರಬೇಕಾದ ಪೊಗದಿಯನ್ನು 24 ಲಕ್ಷದ 50 ಸಾವಿರದಿಂದ 35 ಲಕ್ಷಕ್ಕೆ ಏರಿಸುವ ಕರಾರೂ ಬಂದಿತು. ಏರಿಕೆಯ ಈ ಭಾಗವನ್ನು ಕೇಳಿ ಕೇಳಿ 1896ರ ಪರ್ಯಂತ ಮುಂದಕ್ಕೆ ಹಾಕಿಸಿಕೊಂಡ ಕಾಲಾವಕಾಶದಲ್ಲಿಯೇ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಬಹುತರ ಕಾರ್ಯಗಳು ನಡೆದುವೆಂಬುದು ಗಮನಾರ್ಹ. ಕೋಲಾರದ ಗಣಿಗಳಿಂದ ತೆಗೆದ ಚಿನ್ನದ ಮೌಲ್ಯದಲ್ಲಿ ನೂರಕ್ಕೆ ಐದರಂತೆ ರಾಜ್ಯಕ್ಕೆ ಬರುತ್ತಿದ್ದ ರಾಜಧನ ಬೊಕ್ಕಸಕ್ಕೆ ಹೊಸ ಉಸಿರನ್ನು ಕೊಟ್ಟಿತು. ಇಂಥ ಸನ್ನಿವೇಶದಲ್ಲಿ, ನಗರದ ವಾಯವ್ಯಕ್ಕೆ ಹರಿಯುವ ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ನಿಲ್ಲಿಸಿ, ಇಟ್ಟಿಗೆಯ ಕಾಲುವೆಯ ಮೂಲಕ ಇಳಿಸಿ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ ಊರಿಗೆ ತರುವ ಯೋಜನೆ ಸಿದ್ಧವಾಗಿ, 1896ರಲ್ಲಿ ಚಾಮರಾಜೇಂದ್ರ ಜಲಯಂತ್ರಾಲಯವೆಂಬ ಅಭಿಧಾನದಿಂದ ಕಾರ್ಯಾರಂಭ ಮಾಡಿತು. ಕೊಳವೆಯಲ್ಲಿ ಬಂದ ಆ ನೀರು ಪೇಟೆಗೂ ದಂಡಿಗೂ ಹಂಚಿಕೆಯಾಯಿತು. ಬೀದಿಯ ನಲ್ಲಿಯ ಮುಂದೆ ಕೊಡವಿಟ್ಟು ನಿಲ್ಲುವ ಹೊಸ ದಿನಚರಿ ಹೆಂಗಸರ ಬಾಳಿನಲ್ಲಿ ಆರಂಭವಾಯಿತು.

ಈ ಘನಕಾರ್ಯದ ಹಣ ರಾಜ್ಯದ್ದು, ಎಂದರೆ ರಾಗಿ ಬೆಳೆದು ಕಂದಾಯ ಕಟ್ಟಿದ ಇಡೀ ಸೀಮೆಯ ರೈತನದೂ ಹೌದು. ಮೈಸೂರಿನಲ್ಲಿ 1881ರಿಂದ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆ ಆ ಕಾಲದಲ್ಲಿ ಬಿನ್ನವಿಸಿಕೊಳ್ಳಬಹುದಾಗಿತ್ತೇ ಹೊರತು ಆಯವ್ಯಯದ ಮೇಲೆ ಮತ ಕೊಡುವ ಅಧಿಕಾರ ಅದಕ್ಕಿರಲಿಲ್ಲ. ಬೆಂಗಳೂರು ತಾನು ಕೂಡಿಟ್ಟ ಹಣದಿಂದಲ್ಲದೆ, ತನ್ನ ಹೆಸರಿನಲ್ಲಿ ಮಾಡಿದ ಸಾಲದಿಂದಲೂ ಅಲ್ಲದೆ, ಅರಸರ ಅನುಗ್ರಹದಿಂದ ನೀರನ್ನು ಪಡೆಯಿತು. ಅನುಗ್ರಹವು ನಿಜವಾದುದೇ, ಅದರಿಂದ ಉಳಿದ ಪ್ರಾಣಗಳೂ ನಿಜವಾದುವೇ. ಆದರೆ ಮೊದಲನೆಯ ದೊಡ್ಡ ಕಾರ್ಯವನ್ನು ಮೇಲಿನಿಂದ ಪಡೆದ ಪುರಸಭೆ ಎರಡನೆಯದಕ್ಕೂ ಮೇಲಕ್ಕೇ ನೋಡುವುದನ್ನು ಕಲಿಯಿತೆಂಬುದೂ ಅಷ್ಟೇ ನಿಜ.

ಅದೇ ದಿವಾನರ ಮತ್ತೊಂದು ಸಾಹಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ ಸುಮಾರು 92 ಮೈಲಿ ದೂರದ ಕೋಲಾರದ ಗಣಿಗಳಿಗೆ ಒಯ್ಯುವ ಕಾರ್ಯ 1902ರಲ್ಲಿ ಕೊನೆಗಂಡಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಕಳುಹಿಸಿದ ನಿದರ್ಶನಗಳು ಜಗತ್ತಿನಲ್ಲಿಯೇ ಅಪೂರ್ವವಾಗಿದ್ದ ಆ ದಿನಗಳಲ್ಲಿ, ರಾಜ್ಯವು ಮೊದಲು ಗಣಿಯ ಕಂಪನಿಗಳೊಡನೆ ಕರಾರು ಮಾಡಿಕೊಂಡು, ಇಷ್ಟು ಶಕ್ತಿಯನ್ನು ಇಷ್ಟು ವರ್ಷಗಳ ಕಾಲ ಇಂಥ ದರದಲ್ಲಿ ಕೊಳ್ಳತಕ್ಕದ್ದೆಂದು ಬರೆಸಿಕೊಂಡು, ಅನಂತರವೇ ಬಂಡವಾಳವನ್ನು ಹೂಡಿತು. ಮಾಡಿದ ವೆಚ್ಚ ಹಿಂದಿರುಗುವ ದಾರಿ ಮೊದಲೇ ಗೊತ್ತಾಗಿತ್ತು. ಆ ಶಕ್ತಿಯ ಶೇಷದಿಂದಲೇ 1905ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದಿತು. ಚಿನ್ನ ತೆಗೆಯುವ ಕಂಪನಿಯೊಡನೆ ಮಾಡಿಕೊಂಡಂಥ ಕರಾರನ್ನು ಕುಡಿಯುವ ನೀರಿಗೆ ಬಾಯ್ದೆರೆದ ಬಡವನೊಡನೆ ಮಾಡಿಕೊಳ್ಳಲಾಗದು, ಮಾಡಿಕೊಳ್ಳಲೂ ಬಾರದು. ಹಾಗಾದರೆ ಅವನ ಪಾಲನ್ನು ಯಾರು ತೆರಬೇಕೆಂಬ ಪ್ರಶ್ನೆಯನ್ನು ಅಂದೇ ಎತ್ತಿ ಅಂದೇ ತೀರ್ಮಾನಿಸಿದ್ದರೆ ಮುಂದಿನ ಚರಿತ್ರೆ ಬೇರೊಂದು ಬಗೆಯಾಗುತ್ತಿತ್ತು.

1898ರಲ್ಲಿ ರೈಲುಮಾರ್ಗವಾಗಿ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯ ಓಣಿಗಳಲ್ಲಿ ಸಾವು ಮನೆಯಿಂದ ಮನೆಗೆ ನಡೆದಾಡಿತು. ಜನ ಗುಡಿಸಲು ಹಾಕಿಕೊಂಡು ಬಯಲಿಗೆ ಓಡಿದರು. 1892ರಲ್ಲಿ ಚಾಮರಾಜಪೇಟೆಯನ್ನು ರಚಿಸಿದ ಅನುಭವ ಆಗಲೇ ಇದ್ದುದರಿಂದ, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ನಕ್ಷೆಗಳು ಶೀಘ್ರವಾಗಿ ಸಿದ್ಧವಾದುವು: ನೇರವಾದ ರಸ್ತೆಗಳು, ಮನೆಗಳ ಹಿಂದೆ ಜಾಡಮಾಲಿಗಳ ಗಲ್ಲಿ, ಗಾಳಿಬೆಳಕಿಗೆ ಅವಕಾಶವುಳ್ಳ ನಿವೇಶನಗಳು. ನಗರಗಳ ಹಣಕಾಸಿಗೆ ಹೊಸದೊಂದು ಆಕರ ತೆರೆದುದೂ ಈ ಸಂದರ್ಭದಲ್ಲಿಯೇ. ಊರಂಚಿನ ಹೊಲವನ್ನು ಸ್ವಾಧೀನಪಡಿಸಿಕೊಂಡು, ರಸ್ತೆ ಚರಂಡಿಗಳನ್ನು ಮಾಡಿ, ನಿವೇಶನಗಳಾಗಿ ವಿಂಗಡಿಸಿ ಮಾರಿದರೆ ಬಡಾವಣೆಯ ವೆಚ್ಚ ಬಡಾವಣೆಯಿಂದಲೇ ಹುಟ್ಟುತ್ತದೆ. ಮುಂಬಯಿಯಲ್ಲಿ ಇದೇ ಪ್ಲೇಗಿನ ಭಯದಿಂದ 1898ರಲ್ಲಿ ನಗರಸುಧಾರಣೆಯ ಟ್ರಸ್ಟು ಹುಟ್ಟಿತು. ಮೈಸೂರು ನಗರಕ್ಕೆ 1903ರಲ್ಲಿಯೂ ಬೆಂಗಳೂರಿಗೆ 1945ರಲ್ಲಿಯೂ ಅಂಥ ಮಂಡಲಿಗಳಾದುವು. ಭೂಮಿಯನ್ನು ಮಾರಿ ಊರನ್ನು ಕಟ್ಟುವ ಈ ವಿಧಾನದಲ್ಲಿ ಒಂದು ದೋಷ ಅಡಗಿತ್ತು: ನಿವೇಶನ ಒಮ್ಮೆ ಮಾತ್ರ ಮಾರಾಟವಾಗುತ್ತದೆ, ಚರಂಡಿಯನ್ನಾದರೋ ವರ್ಷವರ್ಷವೂ ತೆಗೆಸಬೇಕು. ಲಾಭವನ್ನು ಪಡೆಯುವ ಮಂಡಲಿ ಒಂದು, ಬಡಾವಣೆಯನ್ನು ವಹಿಸಿಕೊಂಡು ಸಾಕಬೇಕಾದ ಪುರಸಭೆ ಇನ್ನೊಂದು. ಕೊಳವೆಯ ನೀರು ಬಂದ ಮೇಲೆ ನಿರುಪಯುಕ್ತವೆಂದು ಕಂಡ ಕೆರೆಗಳಿಗೂ ಭೂಮಿಯ ಈ ದೃಷ್ಟಿಯೇ ತಗುಲಿತು. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ ನಿಲ್ದಾಣವೂ ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೂ ಎದ್ದುವು. ಕೆರೆಯ ಬೆಲೆಯನ್ನು ಅದರಡಿಯ ನೆಲದ ಬೆಲೆಯಿಂದ ಎಣಿಸಿದ ಆ ಲೆಕ್ಕವನ್ನು ನಾನು ಎಂದಿಗೂ ಒಪ್ಪಲಾರೆ. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನ ಬೀದಿಗಳ ಜನ ಅದರ ಬಾಕಿಯನ್ನು ಇಂದಿಗೂ ತೆರುತ್ತಿದ್ದಾರೆ.

1920ರ ದಶಕದ ಮಧ್ಯದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಅರ್ಕಾವತಿ ಕುಮುದ್ವತಿಗಳ ಸಂಗಮಸ್ಥಾನವಾದ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯದಿಂದ 1933ರಲ್ಲಿ ನೀರು ಬಂದಿತು. ಈ ಸಾರಿಯೂ ಹಣದ ದಾರಿ ಹಳೆಯದೇ.

1949ರಲ್ಲಿ ಪೇಟೆ ದಂಡುಗಳ ಪುರಸಭೆಗಳು ಕೂಡಿ ಕಾರ್ಪೊರೇಷನ್ ಆಯಿತು. ಇನ್ನಾದರೂ ನಗರ ತನ್ನ ಕಾಲಮೇಲೆ ನಿಲ್ಲುವುದೆಂದು ಆಶಿಸಬಹುದಾಗಿದ್ದ ಆ ವೇಳೆಯ ಅನಂತರ, ಅದರ ಕೈಯಿಂದ ಒಂದೊಂದಾಗಿ ಅಧಿಕಾರಗಳು ಜಾರಿದುವು. 1964ರಲ್ಲಿ ನೀರು ಮತ್ತು ಒಳಚರಂಡಿಗಳಿಗೆ ಪ್ರತ್ಯೇಕವಾದ ಜಲಮಂಡಲಿ ಏರ್ಪಟ್ಟಿತು. ಆ ಮಂಡಲಿ 1974ರಲ್ಲಿ ಕಾವೇರಿಯ ಮೊದಲನೆಯ ಹಂತದಿಂದ ದಿನಕ್ಕೆ 13.5 ಕೋಟಿ ಲೀಟರು ನೀರನ್ನು ತಂದುದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಮತದಾರನು ಆರಿಸಿದ ಕಾರ್ಪೊರೇಟರನನ್ನು ನೀರಿನ ದರದ ವಿಷಯದಲ್ಲಿ ಪ್ರಶ್ನಿಸುವುದು ಅಂದಿನಿಂದ ವ್ಯರ್ಥವಾಯಿತು. 1979ರಲ್ಲಿ ಕರ್ನಾಟಕ ಸರ್ಕಾರ ಆಕ್ಟ್ರಾಯನ್ನು ರದ್ದುಮಾಡಿತು. ಊರಬಾಗಿಲಲ್ಲಿ ಲಾರಿಗಳನ್ನು ತಡೆದು ನಿಲ್ಲಿಸುತ್ತಿದ್ದ ಆ ಸುಂಕ ವ್ಯಾಪಾರಕ್ಕೆ ಕಂಟಕಪ್ರಾಯವಾಗಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ನಗರದ ಬೆಳವಣಿಗೆಯೊಡನೆ ತಾನಾಗಿ ಬೆಳೆಯುತ್ತಿದ್ದ, ಸ್ವಂತದ್ದಾದ ಆದಾಯ ಹೋಗಿ ಅದರ ಸ್ಥಾನದಲ್ಲಿ ಸರ್ಕಾರ ಕೊಡುವ ಪರಿಹಾರಧನ ಬಂದಿತು.

ಇದರ ಪರಿಣಾಮ ಹದಿನೆಂಟು ವರ್ಷಗಳ ತರುವಾಯ ವ್ಯಕ್ತವಾಯಿತು. 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆ 125 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರಡಿಸಿ, ಈಚಿನ ಭಾರತದಲ್ಲಿ ಆ ದಾರಿಯನ್ನು ತುಳಿದ ಮೊದಲನೆಯ ನಗರವಾಯಿತು. ಸಾಲ ತೀರಿಸುವ ಹೊಣೆಗೆ ರಾಜ್ಯಸರ್ಕಾರ ಜಾಮೀನು ನಿಂತಿತು. ಮರುವರ್ಷ ಅಹಮದಾಬಾದು ನೀರು ಮತ್ತು ಒಳಚರಂಡಿಗಾಗಿ 100 ಕೋಟಿ ರೂಪಾಯಿಗಳನ್ನು ಎತ್ತಿತು. ಅದಕ್ಕೆ ಸರ್ಕಾರದ ಜಾಮೀನು ಬೇಕಾಗಲಿಲ್ಲ, ತನ್ನದೇ ಆದ ಆಕ್ಟ್ರಾಯಿಯ ಉತ್ಪನ್ನವನ್ನು ಆಧಾರವಾಗಿ ತೋರಿಸುವುದು ಅದಕ್ಕೆ ಸಾಧ್ಯವಿತ್ತು. ಸಾಲ ಕೊಡುವವನು ಊರಿನ ಕೀರ್ತಿಯನ್ನು ನೋಡುವುದಿಲ್ಲ, ಮುಂದಿನ ಹತ್ತು ಹದಿನೈದು ವರ್ಷ ಅದರ ಕೈಗೆ ಬರುವ ಹಣ ಯಾವುದು, ಆ ಹಣವನ್ನು ಮತ್ತೊಬ್ಬರು ಕಸಿದುಕೊಳ್ಳದಂತೆ ಕಟ್ಟೇನಿದೆ ಎಂಬುದನ್ನು ನೋಡುತ್ತಾನೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಹದಿನೆಂಟು ಕಾರ್ಯಗಳನ್ನು ನಗರಸಂಸ್ಥೆಗಳಿಗೆ ಸಲ್ಲತಕ್ಕವೆಂದು ಪಟ್ಟಿಮಾಡಿ, ನೀರನ್ನೂ ಅದರಲ್ಲಿ ಸೇರಿಸಿತು. ಬೆಂಗಳೂರಿನಲ್ಲಿ ನೀರು ಜಲಮಂಡಲಿಯಲ್ಲಿಯೇ ಉಳಿಯಿತು.

ಇತ್ತ ನಗರದ ಹೊರವಲಯದ ಎಂಟು ಪಟ್ಟಣಗಳ ಜನಕ್ಕೆ ನೀರು ಕೊಡುವ ಯೋಜನೆಗಾಗಿ 2005ರಲ್ಲಿ, ಆ ಚಿಕ್ಕ ಪುರಸಭೆಗಳು ಒಂಟಿಯಾಗಿ ಸಾಲ ಎತ್ತಲಾರವೆಂದು, ಎಲ್ಲವುಗಳ ಪರವಾಗಿ ಒಂದು ನಿಧಿಯ ಮೂಲಕ 100 ಕೋಟಿ ರೂಪಾಯಿಗಳ ಬಾಂಡುಗಳನ್ನು ಮಾರಿದರು. ಉಳಿದ ಹಣದಲ್ಲಿ ಒಂದು ಭಾಗವನ್ನು ಮನೆಯವರಿಂದಲೇ ಮುಂಗಡವಾಗಿ ವಸೂಲು ಮಾಡುವುದೆಂದು ಗೊತ್ತಾಯಿತು. ಊರ ನಡುವೆ ಇರುವವರ ಅಜ್ಜಂದಿರಿಗೆ ಹೆಸರಘಟ್ಟದ ನೀರು ಅರಸರ ಬೊಕ್ಕಸದಿಂದ ಬಂದಿತ್ತು. ಊರಂಚಿನಲ್ಲಿ ಮನೆ ಕಟ್ಟಿಕೊಂಡ ಗಾರ್ಮೆಂಟ್ಸ್ ಕೆಲಸಗಾರನೋ ಚಿಕ್ಕ ಅಂಗಡಿಯವನೋ ಕೊಳವೆ ಕಣ್ಣಿಗೆ ಬೀಳುವ ಮೊದಲೇ ಬಂಡವಾಳದ ಪಾಲನ್ನು ಕಟ್ಟಬೇಕಾಯಿತು. ತನ್ನ ನೀರಿಗೆ ತಾನು ಹಣ ತೆರುವುದು ನ್ಯಾಯವೇ. ಒಂದೇ ಊರಿನಲ್ಲಿ ಮೊದಲು ಬಂದವರಿಗೆ ಒಂದು ನ್ಯಾಯ, ಕೊನೆಗೆ ಬಂದವರಿಗೆ ಇನ್ನೊಂದು ಎಂಬುದು ನ್ಯಾಯವಲ್ಲ. 2007ರಲ್ಲಿ ಆ ಪಟ್ಟಣಗಳೂ ಅವುಗಳ ಜೊತೆಗೆ 110 ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರಪಾಲಿಕೆಗೆ ಸೇರಿದುವು. ಆ ಹಳ್ಳಿಗಳನ್ನು ಉದ್ದೇಶಿಸಿದ ಕಾವೇರಿಯ ಐದನೆಯ ಹಂತ, ದಿನಕ್ಕೆ 77.5 ಕೋಟಿ ಲೀಟರು ತರುವ ಸಾಮರ್ಥ್ಯದೊಡನೆ, ಜಪಾನಿನ ಸಹಕಾರ ಸಂಸ್ಥೆಯಿಂದ ಪಡೆದ ಸಾಲದ ನೆರವಿನಿಂದ ಪೂರೈಸಿ ಚಾಲನೆ ಪಡೆದುದು 2024ರ ಅಕ್ಟೋಬರಿನಲ್ಲಿ. ಪಂಪುಗಳನ್ನು ತಿರುಗಿಸುವ ವಿದ್ಯುತ್ತಿನ ವೆಚ್ಚವೇ ಜಲಮಂಡಲಿಯ ಖರ್ಚಿನಲ್ಲಿ ದೊಡ್ಡ ಪಾಲಾಗಿರುವಾಗ, ನೀರಿನ ದರವಾದರೋ 2014ರಿಂದ ಹನ್ನೊಂದು ವರ್ಷ ಕದಲದೆ ನಿಂತಿದ್ದು 2025ರ ಏಪ್ರಿಲಿನಲ್ಲಿ ಏರಿತು. ಈ ಹನ್ನೊಂದು ವರ್ಷಗಳಲ್ಲಿ ನಲ್ಲಿಯ ಸಂಪರ್ಕವೇ ಇಲ್ಲದವರು ಟ್ಯಾಂಕರಿನವನು ಹೇಳಿದ ಬೆಲೆಯನ್ನು, ಬೇಸಗೆಯಲ್ಲಿ ಅದಕ್ಕೂ ಹೆಚ್ಚಿನದನ್ನು, ಕೊಟ್ಟು ನೀರು ಕೊಂಡರು; ದರವನ್ನು ಕದಲಿಸದೆ ಜನಕ್ಕೆ ಉಪಕಾರವಾಯಿತೆಂದು ಬರೆದ ಲೆಕ್ಕದಲ್ಲಿ ಅವರು ತೆತ್ತ ಹಣ ಯಾವ ಪುಟದಲ್ಲಿಯೂ ಇಲ್ಲ.