ಅಕ್ಕ-ತಂಗಿ ಆಡಬಾರದ ಆಟ, ಆಡಬಹುದಾದ ಆಟ

ಮಣಿಪಾಲದಿಂದ ಕಾರ್ಕಳಕ್ಕೆ ಬಸ್ಸಲ್ಲಿ ಹೋಗಿದ್ದರೆ ನೀವು ಹಿರಿಯಡಕ ದಾಟಿರುತ್ತೀರಿ. ಅಲ್ಲಿಯ ವೀರಭದ್ರ ದೇವಸ್ಥಾನದಲ್ಲಿ ವರ್ಷಕ್ಕೊಮ್ಮೆ ಸಿರಿ ಜಾತ್ರೆ ಆಗುತ್ತದೆ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲೂ ಉಂಟು. ನಾನೀಗ ಜಾತ್ರೆಯ ಬಗ್ಗೆ ಬರೆಯಲು ಕೂತದ್ದಲ್ಲ. ಆ ಸಿರಿಯ ಕಥೆಯ ಕೊನೆಗೆ ಒಂದು ಆಟ ಬರುತ್ತದೆ, ಅಲ್ಲಿಂದ ಶುರು ಮಾಡಿ ಕಂಪ್ಯೂಟರ್ ಆಟಗಳ ಕಡೆಗೆ ಬರುವ ಅಂತ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಸಿರಿಯ ಮಗಳು ಸೊನ್ನೆ. ಸೊನ್ನೆಗೆ ಅವಳಿ ಹೆಣ್ಣುಮಕ್ಕಳು, ಅಬ್ಬಗ ಮತ್ತು ದಾರಗ. ಅಕ್ಕ ತಂಗಿ ಇಬ್ಬರೂ ಚೆನ್ನೆಮಣೆ ಹಾಕಿ ಆಡಲು ಕೂರುತ್ತಾರೆ. ಆಟದಲ್ಲಿ ಜಗಳ ಹುಟ್ಟುತ್ತದೆ. ಒಬ್ಬಳು ಮಣೆಯನ್ನೇ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆಯುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೊಂಕೊ ಅವರ ಜೊತೆ ಸೇರಿ 1998ರಲ್ಲಿ ಪುಸ್ತಕವಾಗಿ ತಂದರು. ಒಟ್ಟು 15,683 ಸಾಲು! (ಫಿನ್ಲೆಂಡ್ ಎಂಬ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.)

ನಮ್ಮ ಮನೆಯಲ್ಲಿ ಅಜ್ಜಿಯ ಕಾನೂನು ಸ್ಪಷ್ಟ ಇತ್ತು. ಆಟಿ ತಿಂಗಳಲ್ಲಿ ಅಟ್ಟದಿಂದ ಮಣೆ ಇಳಿಸಬಹುದು, ಆದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎದುರು-ಬದುರು ಕೂರಬಾರದು. ಚಿಕ್ಕವನಿದ್ದಾಗ ಇದೆಂತ ಮೂಢನಂಬಿಕೆ ಅನ್ನಿಸುತ್ತಿತ್ತು. ಈಗ ಆಟದ ಲೆಕ್ಕ ನೋಡಿದರೆ ಅಜ್ಜಿ ಹೇಳಿದ್ದರಲ್ಲಿ ಅರ್ಥ ಉಂಟು ಅನ್ನಿಸುತ್ತದೆ. ಆಚೆ ಏಳು ಗುಳಿ, ಈಚೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ದಾಳ ಇಲ್ಲ, ಕವಡೆ ಇಲ್ಲ, ಮುಚ್ಚಿಟ್ಟದ್ದು ಯಾವುದೂ ಇಲ್ಲ. ಪಗಡೆಯಲ್ಲಿ ಸೋತರೆ ದಾಳಕ್ಕೆ ಬೈಯಬಹುದು. ಚೆನ್ನೆಯಲ್ಲಿ ಸೋತರೆ ಬೈಯಲು ಎದುರು ಕೂತವರು ಬಿಟ್ಟರೆ ಬೇರೆ ಯಾರೂ ಸಿಗುವುದಿಲ್ಲ! ಮನೆಯವರೊಟ್ಟಿಗೆ ಆಡುವ ಆಟಕ್ಕೆ ಇದೇ ದೊಡ್ಡ ತೊಂದರೆ. ಎದುರಾಳಿ ಯಾರು ಎಂಬುದು ಸಣ್ಣ ಪ್ರಶ್ನೆ ಅಲ್ಲ.

ಕಂಪ್ಯೂಟರ್ ಆಟಗಳಲ್ಲಿ, ಅದರಲ್ಲೂ ಫಿಸಿಕ್ಸ್ ಆಟಗಳಲ್ಲಿ, ಈ ಪ್ರಶ್ನೆಗೆ ಉತ್ತರ ನಿಧಾನಕ್ಕೆ ಬದಲಾದದ್ದನ್ನು ಕಾಣಬಹುದು.

ಮೊದಲನೆಯದ್ದೇ ನೋಡಿ. ಮಣಿಪಾಲದ ಎಂ.ಐ.ಟಿ. 1957ರಲ್ಲಿ ಶುರುವಾಯಿತಲ್ಲ, ಅದರ ಮರುವರ್ಷ, 1958ರ ಅಕ್ಟೋಬರಿನಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಊರವರಿಗೆ ಒಳಗೆ ಬಂದು ನೋಡಲು ಬಿಡುವ ದಿನ ಬಂತು. ಬಂದವರಿಗೆ ಬೇಜಾರಾಗಬಾರದು ಅಂತ ವಿಲಿಯಂ ಹಿಗಿನ್‌ಬೋಥಮ್ ಎಂಬ ವಿಜ್ಞಾನಿ ಒಂದು ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನ್ನಿಸ್ ಆಟ ಮಾಡಿಟ್ಟ. ಈತ ಅಣುಬಾಂಬ್ ಯೋಜನೆಯಲ್ಲಿ ಕೆಲಸ ಮಾಡಿ, ಆಮೇಲೆ ಅಣ್ವಸ್ತ್ರ ಹರಡದಂತೆ ದನಿ ಎತ್ತಿದವರಲ್ಲಿ ಒಬ್ಬ. ಅವನ ಅನಲಾಗ್ ಕಂಪ್ಯೂಟರಿನ ಕೈಪಿಡಿಯಲ್ಲಿ ಗುಂಡು ಹಾರುವ ದಾರಿ, ಪುಟಿಯುವ ಚೆಂಡಿನ ದಾರಿ ಲೆಕ್ಕ ಹಾಕುವುದು ಹೇಗೆ ಅಂತ ಬರೆದಿತ್ತು, ಅದನ್ನೇ ಆಟ ಮಾಡಿದ. ಮರುವರ್ಷ ಚಂದ್ರನ ಮೇಲೆ ಆಡಿದರೆ ಹೇಗೆ, ಗುರುಗ್ರಹದ ಮೇಲೆ ಆಡಿದರೆ ಹೇಗೆ ಅಂತ ಗುರುತ್ವವನ್ನೂ ಬದಲಿಸುವ ಹಾಗೆ ಮಾಡಿದ. ಚೆಂದವೇ. ಆದರೆ ಇಬ್ಬರು ಎದುರು-ಬದುರು.

1962ರ 'ಸ್ಪೇಸ್‌ವಾರ್' ಕೂಡ ಎಂ.ಐ.ಟಿ.ಯದ್ದೇ. ನಮ್ಮದಲ್ಲ ಮಾರಾಯ್ರೆ, ಆ ಮಸಾಚುಸೆಟ್ಸಿನದ್ದು :-) ಸ್ಟೀವ್ ರಸೆಲ್ ಮತ್ತು ಗೆಳೆಯರು ಬರೆದ ಆಟದಲ್ಲಿ ಎರಡು ನೌಕೆಗಳು ಒಂದನ್ನೊಂದು ಹೊಡೆಯಬೇಕು. ಡ್ಯಾನ್ ಎಡ್ವರ್ಡ್ಸ್ ಎಂಬಾತ ನಡುವೆ ಎಲ್ಲವನ್ನೂ ಸೆಳೆಯುವ ನಕ್ಷತ್ರ ಒಂದನ್ನು ಇಟ್ಟ. ಆಗಿನ ಯಂತ್ರದ ತಾಕತ್ತು ಎಷ್ಟು ಕಡಿಮೆ ಎಂದರೆ ನೌಕೆಗಳಿಗೆ ಮಾತ್ರ ಸೆಳೆತ, ಹಾರಿಸಿದ ಟಾರ್ಪೆಡೊಗಳಿಗೆ ಇಲ್ಲ. ಅಷ್ಟು ಲೆಕ್ಕ ಹಾಕಲು ಪುರುಸೊತ್ತು ಸಾಲುತ್ತಿರಲಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು 1969ರ ಚಂದ್ರನ ಮೇಲೆ ಇಳಿಯುವ ಆಟ. ಅಪೋಲೊ 11 ಇಳಿದ ಕೆಲವೇ ತಿಂಗಳಲ್ಲಿ ಜಿಮ್ ಸ್ಟೋರರ್ ಎಂಬ ಹೈಸ್ಕೂಲ್ ಹುಡುಗ ಬರೆದದ್ದು. ಚಿತ್ರ ಇಲ್ಲ, ಬರೀ ಅಂಕೆಗಳು: ಎಷ್ಟು ಎತ್ತರದಲ್ಲಿದ್ದೀರಿ, ಎಷ್ಟು ವೇಗ, ಎಷ್ಟು ಇಂಧನ ಉಳಿದಿದೆ. ಎದುರಾಳಿಯೇ ಇಲ್ಲ, ಚಂದ್ರನ ಸೆಳೆತ ಮಾತ್ರ. 2024ರಲ್ಲಿ ಮಾರ್ಟಿನ್ ಸಿ. ಮಾರ್ಟಿನ್ ಎಂಬವರು ಕೂತು ಆ ಹಳೆಯ ಕೋಡ್ ಓದಿದಾಗ ಒಂದು ಕಡೆ ಎರಡರಿಂದ ಭಾಗಿಸುವುದು ಬಿಟ್ಟುಹೋದದ್ದು ಸಿಕ್ಕಿತು. 55 ವರ್ಷ ಯಾರಿಗೂ ಕಾಣದ ಬಗ್! ಕೋಡ್ ರಿವ್ಯೂ ಮಾಡಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಸಮಾಧಾನದ ಸುದ್ದಿ.

ನಮ್ಮ ಊರಿಗೆ ಫಿಸಿಕ್ಸ್ ಬಂದದ್ದು ಬಾಳೆಹಣ್ಣಿನ ರೂಪದಲ್ಲಿ. 1991ರಲ್ಲಿ ಎಂಎಸ್-ಡಾಸ್ 5ರ ಕ್ಯೂಬೇಸಿಕ್ ಜೊತೆ 'ಗೊರಿಲ್ಲಾಸ್' ಬಿಟ್ಟಿ ಬಂದಿತ್ತು. ಶಾಲೆಗಳಲ್ಲಿ ಬೇಸಿಕ್ ಕಲಿಸುವುದು ಎಷ್ಟೋ ವರ್ಷ ನಡೆದದ್ದರಿಂದ ನನ್ನ ವಯಸ್ಸಿನವರಿಗೂ ಸಿಕ್ಕಿತು. ಕಟ್ಟಡಗಳ ಮೇಲೆ ಎರಡು ಗೊರಿಲ್ಲಾ. ಕೋನ ಇಷ್ಟು, ವೇಗ ಇಷ್ಟು ಅಂತ ಟೈಪ್ ಮಾಡಿದರೆ ಬಾಳೆಹಣ್ಣು ಹಾರಿ ಸ್ಫೋಟವಾಗುತ್ತದೆ. ಗುರುತ್ವ 9.8, ಬೇಕಾದರೆ ಬದಲಿಸಿ. ಕೆಳಗೆ ಗಾಳಿಯ ಬಾಣ. ಬಾಳೆಹಣ್ಣು ಸೂರ್ಯನಿಗೆ ತಾಗಿದರೆ ಅವನು ಬಾಯಿ ಕಳೆದು ಬೆಚ್ಚಿಬೀಳುತ್ತಾನೆ. 45 ಡಿಗ್ರಿಯಲ್ಲಿ ಎಸೆದದ್ದು ಅತಿ ದೂರ ಹೋಗುತ್ತದೆ ಅಂತ ಪಿಯುಸಿ ಪುಸ್ತಕ ಹೇಳುವ ಮೊದಲೇ ನಮಗೆ ಗೊತ್ತಿತ್ತು. ಗಾಳಿ ಬಂದರೆ ಆ ಲೆಕ್ಕ ಕೈಕೊಡುತ್ತದೆ ಎಂಬುದೂ ಗೊತ್ತಿತ್ತು, ಅದನ್ನು ಪುಸ್ತಕ ಹೇಳಲೇ ಇಲ್ಲ. ಆದರೆ ಇದು ಪಕ್ಕಾ ಚೆನ್ನೆ ಜಾತಿಯ ಆಟ. ಮನೆಯಲ್ಲಿ ನಾನೂ ತಂಗಿಯೂ ಆಡಿದಾಗ ಕೀಬೋರ್ಡು ಇನ್ನೇನು ದಾರಗನ ತಲೆಗೆ ಬೀಳುವುದೊಂದು ಬಾಕಿ :-(

ತಿರುವು ಬಂದದ್ದು 'ದಿ ಇನ್‌ಕ್ರೆಡಿಬಲ್ ಮಷೀನ್'ನಿಂದ ಅಂತ ನನ್ನ ಅಭಿಪ್ರಾಯ. 1993ರದ್ದು, ಡೈನಮಿಕ್ಸ್ ಕಂಪನಿಯ ಕೆವಿನ್ ರಯಾನ್ ಮತ್ತು ಜೆಫ್ ಟನೆಲ್ ಮಾಡಿದ್ದು. ಹಗ್ಗ, ರಾಟೆ, ಬಲೂನು, ಮೇಣದಬತ್ತಿ, ಬೆಕ್ಕು, ಗೂಡಿನೊಳಗೆ ಓಡುವ ಇಲಿ, ಇವನ್ನೆಲ್ಲ ಜೋಡಿಸಿ 'ಚೆಂಡು ಆ ಬುಟ್ಟಿಗೆ ಬೀಳಲಿ' ಎಂಬಂಥ ಒಂದು ಸಣ್ಣ ಕೆಲಸ ಆಗಬೇಕು. ಗುಂಡಿ ಒತ್ತಿದ ಮೇಲೆ ನೀವು ಏನೂ ಮಾಡುವಂತಿಲ್ಲ, ಬೀಳುವುದು ಬೀಳುತ್ತದೆ. ಇದರ ಸಿಡಿಯೊಂದನ್ನು ಭಾವ ಕಾರ್ಕಳದ ದೊಡ್ಡಮ್ಮನ ಮನೆಗೆ ತಂದಿದ್ದರು. ಐದು ಮಕ್ಕಳಿಗೆ ಒಂದೇ ಮೌಸ್. ಹೊಡೆದಾಟ ಆಗಬೇಕಿತ್ತು, ಆಗಲಿಲ್ಲ! ಮೌಸ್ ಯಾರ ಕೈಯಲ್ಲಿದ್ದರೂ ಉಳಿದವರಿಗೆ ಕೆಲಸ ಇತ್ತು. ಒಬ್ಬ ಹಗ್ಗ ಅಲ್ಲಿ ಕಟ್ಟು ಅನ್ನುವುದು, ಇನ್ನೊಬ್ಬಳು ಬೆಕ್ಕನ್ನು ಆಚೆ ಇಡು ಅನ್ನುವುದು. ಚೆಂಡು ತಪ್ಪಿದರೆ ಎಲ್ಲರೂ ಒಟ್ಟಿಗೆ ಅಯ್ಯೋ ಅನ್ನುವುದು. ಹಿಂದೆ ನಿಂತು ನೋಡುತ್ತಿದ್ದ ಮಾವ ಕಿಟಕಿಯ ಕಡೆ ಕೈ ತೋರಿಸಿ, "ಗೊಮ್ಮಟನನ್ನು ಮೇಲೆ ಹತ್ತಿಸಿದವರೂ ಹೀಗೇ ಕಿತ್ತಾಡಿರಬೇಕು" ಅಂದರು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಏಕಶಿಲೆ ಅದು. ಶ್ರವಣಬೆಳಗೊಳದ ಹಾಗೆ ಇದ್ದಲ್ಲೇ ಕೆತ್ತಿದ್ದಲ್ಲ, ಬೇರೆ ಕಡೆ ಕೆತ್ತಿ ಆ ಬಂಡೆಗುಡ್ಡಕ್ಕೆ ಎಳೆದು ತಂದದ್ದು. ಅವರಿಗೆ ಮಾತ್ರ ಗುಂಡಿ ಒತ್ತಿ ಮೊದಲಿಂದ ಶುರು ಮಾಡುವ ಸೌಕರ್ಯ ಇರಲಿಲ್ಲ.

ಹೀಗೆ ಬೀಳುವುದನ್ನು ಲೆಕ್ಕ ಹಾಕುವುದು ಕಾಗದದ ಮೇಲೆ ಸುಲಭ, ಕಂಪ್ಯೂಟರಿಗೆ ಕಷ್ಟ. ಅದು ಸೆಕೆಂಡನ್ನು ಸಾಮಾನ್ಯವಾಗಿ 60 ಚೂರು ಮಾಡಿ, ಪ್ರತಿ ಚೂರಿಗೂ ವೇಗ, ಜಾಗ ಎರಡನ್ನೂ ತಿದ್ದುತ್ತದೆ. ಒಂದು ಚೆಂಡು ಬಿದ್ದರೆ ತಲೆನೋವಿಲ್ಲ. ಹತ್ತು ಪೆಟ್ಟಿಗೆ ಒಂದರ ಮೇಲೊಂದು ಇಟ್ಟರೆ ಕೆಳಗಿನದ್ದು ಮೇಲಿನದ್ದನ್ನು ತಳ್ಳುತ್ತದೆ, ಅದು ಇದನ್ನು ಒತ್ತುತ್ತದೆ, ಗೋಪುರ ನಡುಗಲು ಶುರು. ಇದನ್ನು ಚೆನ್ನಾಗಿ ಬಿಡಿಸಿ, ಬೇಕಾದವರು ಬಳಸಿ ಅಂತ ಕೊಟ್ಟವನು ಎರಿನ್ ಕ್ಯಾಟೊ. 2006ರ ಆಟ ತಯಾರಕರ ಸಮ್ಮೇಳನದಲ್ಲಿ ಪಾಠಕ್ಕೆಂದು ಪುಟ್ಟ ಪ್ರೋಗ್ರಾಂ ತೋರಿಸಿದ, 2007ರಲ್ಲಿ 'ಬಾಕ್ಸ್2ಡಿ' ಎಂಬ ಹೆಸರಲ್ಲಿ ಓಪನ್ ಸೋರ್ಸ್ ಮಾಡಿದ. ಆಮೇಲೆ ನೋಡಿ ಸುಗ್ಗಿ. ಫಿನ್ಲೆಂಡಿನ ಪೆಟ್ರಿ ಪುರ್ಹೊ ಬರೆದ 'ಕ್ರೇಯಾನ್ ಫಿಸಿಕ್ಸ್ ಡಿಲಕ್ಸ್' (2009) ಅದರ ಮೇಲೆ ನಿಂತಿತು. ಬಣ್ಣದ ಕಡ್ಡಿಯಲ್ಲಿ ಗೀಚಿದ್ದೆಲ್ಲ ಭಾರ ಪಡೆದು ಕೆಳಗೆ ಬೀಳುವ ಮುದ್ದಾದ ಆಟ. ಅದೇ 2009ರ ಡಿಸೆಂಬರಿನಲ್ಲಿ ಬಂದ 'ಆಂಗ್ರಿ ಬರ್ಡ್ಸ್' ಕೂಡ ಅದರದ್ದೇ ಮೇಲೆ. ಮಾಡಿದ ರೋವಿಯೊ ಕಂಪನಿಯೂ ಫಿನ್ಲೆಂಡಿನದ್ದೇ. ಚೆನ್ನೆಯ ಕಥೆಯನ್ನು 15,683 ಸಾಲಲ್ಲಿ ಅಚ್ಚು ಹಾಕಿಸಿದ ದೇಶದವರೇ ಕಾಪುವಿನ ಅತ್ತೆಮನೆಯ ಜಗಲಿಗೆ ಈ ಹಕ್ಕಿಗಳನ್ನೂ ಕಳಿಸಿದರು!

ಆದರೆ ಆಂಗ್ರಿ ಬರ್ಡ್ಸ್‌ನಲ್ಲಿ ಕ್ಯಾಟೊನ ಹೆಸರು ಎಲ್ಲೂ ಇರಲಿಲ್ಲ. 2011ರ ಸಮ್ಮೇಳನದಲ್ಲಿ ರೋವಿಯೊದ ಪೀಟರ್ ವೆಸ್ಟರ್‌ಬಾಕಾ ಭಾಷಣ ಮುಗಿಸಿದ ಮೇಲೆ ಸಭೆಯಿಂದ ಒಬ್ಬ ಎದ್ದು, ನೀವು ಬಳಸುವ ಫಿಸಿಕ್ಸ್ ಇಂಜಿನ್ ಯಾವುದು ಅಂತ ಕೇಳಿದ. ಬಾಕ್ಸ್2ಡಿ ಅಂತ ಉತ್ತರ ಬಂತು. ಹಾಗಾದರೆ ಅದಕ್ಕೆ ಹೆಸರು ಕೊಡುತ್ತೀರಾ ಅಂತ ಮತ್ತೆ ಕೇಳಿ, ಅಂದ ಹಾಗೆ ಅದನ್ನು ಬರೆದವನು ನಾನೇ ಅಂದ. ಲೈಸೆನ್ಸಿನ ಪ್ರಕಾರ ಹೆಸರು ಹಾಕಲೇಬೇಕು ಅಂತ ಇರಲಿಲ್ಲ, ಆದರೂ ಕೊನೆಗೆ ಹಾಕಿದರು. ಬಿಟ್ಟಿ ಲೈಬ್ರರಿಗಳ ಮೇಲೆ ದಿನಾ ಅನ್ನ ಬೇಯಿಸಿಕೊಳ್ಳುವ ನಾವು ಸಾಫ್ಟ್‌ವೇರಿನವರು ಈ ಘಟನೆಯನ್ನು ಆಗಾಗ ನೆನೆದರೆ ಒಳ್ಳೆಯದು.

ಕಾಪುವಿನಲ್ಲಿ ಆ ಹಕ್ಕಿಗಳನ್ನು ಎಲ್ಲರಿಗಿಂತ ಚೆನ್ನಾಗಿ ಹಾರಿಸುತ್ತಿದ್ದದ್ದು ಅಜ್ಜಿ. ಮಾವಿನಕಾಯಿಗೆ ಕಲ್ಲು ಹೊಡೆದು ಕಲಿತ ಕೈ ಅದು. ಚೆನ್ನೆಗೆ ನಿಷೇಧ ಹಾಕಿದವರು ಇದಕ್ಕೆ ಹೇಗೆ ಒಪ್ಪಿದಿರಿ ಅಂತ ಕೇಳಿದ್ದೆ. "ಇದರಲ್ಲಿ ಎದುರು ಕೂತವರು ಯಾರೂ ಇಲ್ಲವಲ್ಲ ಮಗಾ, ಹಂದಿಗಳು ಮಾತ್ರ" ಅಂದರು.

ಗೆಳೆಯರೊಟ್ಟಿಗೆ ಆಡುವುದಕ್ಕೆ ಇದೇ ಜಾತಿಯಲ್ಲಿ ನನಗೆ ಅತಿ ಹಿಡಿಸಿದ್ದು 2016ರ 'ಹ್ಯೂಮನ್ ಫಾಲ್ ಫ್ಲಾಟ್', ಲಿಥುವೇನಿಯದ ತೋಮಾಸ್ ಸಕಲೌಸ್ಕಸ್ ಮಾಡಿದ್ದು. ಮೈಯಲ್ಲಿ ಮೂಳೆಯೇ ಇಲ್ಲದ ಹಾಗೆ ಓಲಾಡುವ ಬಾಬ್ ಎಂಬ ಗೊಂಬೆ. ಮೌಸಿನ ಎಡಗುಂಡಿ ಎಡಗೈ, ಬಲಗುಂಡಿ ಬಲಗೈ. ಹಿಡಿದದ್ದು ಅಂಟಿಕೊಳ್ಳುತ್ತದೆ, ಅಷ್ಟೇ. ಕೆಳಗೆ ಬಿದ್ದರೆ ಸಾಯುವುದಿಲ್ಲ, ಮತ್ತೆ ಆಕಾಶದಿಂದ ಅದೇ ಜಾಗಕ್ಕೆ ಬಂದು ಬೀಳುತ್ತಾನೆ. 2017ರಲ್ಲಿ ಎಂಟು ಜನ ಆನ್‌ಲೈನ್ ಆಡುವ ಸೌಲಭ್ಯ ಬಂತು. ಮಣಿಪಾಲದ ಹಾಸ್ಟೆಲ್ ಕೋಣೆಗಳಲ್ಲಿ ಆಗ ರಾತ್ರಿ ಎರಡಕ್ಕೂ ನಗು ಕೇಳುತ್ತಿತ್ತು. ಒಬ್ಬ ಬಾಗಿಲು ಎತ್ತಿ ಹಿಡಿಯಬೇಕು, ಇನ್ನೊಬ್ಬ ಅಡಿಯಿಂದ ನುಸುಳಬೇಕು, ಅಷ್ಟರಲ್ಲಿ ಮೂರನೆಯವನು ಬಾಗಿಲು ಎತ್ತಿದವನ ಕಾಲು ಹಿಡಿದು ಎಳೆಯುತ್ತಾನೆ :D

2020ರ ಲಾಕ್‌ಡೌನಿನಲ್ಲಿ ಇದೇ ಆಟವನ್ನು ಮನೆಯವರಿಗೆ ಕಲಿಸಿದೆ. ತಂಗಿ ದುಬೈಯಲ್ಲಿ, ಭಾವ ಬೆಂಗಳೂರಲ್ಲಿ, ಅತ್ತೆಯ ಮಗ ಕಾಪುವಿನಲ್ಲಿ, ನಾನು ಕಾರ್ಕಳದಲ್ಲಿ. ಇಂಥ ಆಟಗಳಲ್ಲಿ ಬೀಳುವ ಲೆಕ್ಕವನ್ನೆಲ್ಲ ಒಬ್ಬರ ಯಂತ್ರ ಹಾಕುತ್ತದೆ, ಉಳಿದವರಿಗೆ ಅದರ ಸುದ್ದಿ ಹೋಗುತ್ತದೆ. ನಾವು ಆಡಿದ್ದು ಭಾವನ ಯಂತ್ರದಲ್ಲಿ. ಹಾಗಾಗಿ ಕಾಪುವಿನಲ್ಲಿ ಮಳೆ ಬಂದು ಕರೆಂಟು ಹೋದರೆ ಅತ್ತೆಯ ಮಗನ ಬಾಬ್ ಮಾತ್ರ ಮಾಯ, ಆಟ ನಿಲ್ಲುತ್ತಿರಲಿಲ್ಲ. ಒಂದು ದಿನ ಸೇತುವೆಯ ತುದಿಯಲ್ಲಿ ತಂಗಿ ನನ್ನ ಕೈ ಹಿಡಿದು ನೇತಾಡುತ್ತಿದ್ದಳು. ಬಿಡಬೇಡ ಮಾರಾಯ ಅಂತ ಅವಳು ದುಬೈಯಿಂದ ಕೂಗುತ್ತಿದ್ದರೆ, ಹಿಂದಿನಿಂದ ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಅವಳನ್ನು ಮೇಲೆ ಎಳಿ, ಆಮೇಲೆ ಊಟ" ಅಂದರು. ಎಳೆಯಲು ಹನ್ನೊಂದು ನಿಮಿಷ ಬೇಕಾಯಿತು.

ನಿಮ್ಮ ಮನೆಯಲ್ಲಿ ಗೊರಿಲ್ಲಾ ಬಾಳೆಹಣ್ಣು ಎಸೆದವರು ಯಾರಾದರೂ ಇದ್ದರೆ, ನಿಮ್ಮ ಕಡೆ ಚೆನ್ನೆಗೆ ಯಾರ್ಯಾರಿಗೆ ನಿಷೇಧ ಇತ್ತು ಎಂಬುದನ್ನೂ ಸೇರಿಸಿ ಬರೆಯಿರಿ.