ಬ್ರೂನೋನನ್ನು ಸುಟ್ಟದ್ದು ಯಾಕೆ? ‘ಕಾಸ್ಮೋಸ್’ ಮರಳಿ ಬಂದಾಗ ಎದ್ದ ಜಗಳ

ಇವತ್ತು ಮಾತಾಡೋದು ಒಂದು ಟಿವಿ ಸರಣಿಯ ಬಗ್ಗೆ. ಇತಿಹಾಸದ ಪಾಡ್‌ಕಾಸ್ಟಿನಲ್ಲಿ ಟಿವಿಗೆ ಏನು ಕೆಲಸ ಅಂತ ನೀವು ಕೇಳಬಹುದು. ಬಾಹ್ಯಾಕಾಶದ ಬಗ್ಗೆ ಮಾಡಿದ ಈ ಸರಣಿ ಬಂದಾಗ ನಕ್ಷತ್ರ, ಗ್ರಹಗಳ ಬಗ್ಗೆ ಹೆಚ್ಚು ಜನ ಜಗಳ ಮಾಡಲಿಲ್ಲ. ಜಗಳ ಆದದ್ದು 400 ವರ್ಷಗಳ ಹಿಂದೆ ಸತ್ತ ಒಬ್ಬ ಸನ್ಯಾಸಿಯ ಬಗ್ಗೆ. ಅದಕ್ಕೇ ಇದು ನಮ್ಮ ವಿಷಯ.

2014ರ ಮಾರ್ಚ್ 9, ಭಾನುವಾರ ರಾತ್ರಿ. ಅಮೆರಿಕದಲ್ಲಿ ಫಾಕ್ಸ್ ಬಳಗದ ಹತ್ತು ವಾಹಿನಿಗಳಲ್ಲಿ ಏಕಕಾಲಕ್ಕೆ ‘ಕಾಸ್ಮೋಸ್: ಎ ಸ್ಪೇಸ್‌ಟೈಮ್ ಒಡಿಸ್ಸಿ’ ಶುರುವಾಯಿತು. ಮೊದಲು ಅಧ್ಯಕ್ಷ ಒಬಾಮಾ ಕಾಣಿಸಿಕೊಂಡು ಎರಡು ಮಾತಾಡಿದರು. ಆಮೇಲೆ ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಬಂದರು. ಆ ರಾತ್ರಿ ಎಲ್ಲಾ ವಾಹಿನಿಗಳೂ ಸೇರಿ ಸುಮಾರು 85 ಲಕ್ಷ ಜನ ನೋಡಿದರು. ವಿಜ್ಞಾನದ ಕಾರ್ಯಕ್ರಮಕ್ಕೆ ಇದು ಸಣ್ಣ ಸಂಖ್ಯೆ ಏನಲ್ಲ.

ಇದು ಮರುಹುಟ್ಟು. ಮೂಲ ‘ಕಾಸ್ಮೋಸ್’ ಬಂದದ್ದು 1980ರಲ್ಲಿ, ಅಮೆರಿಕದ ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲಿ. ಕಾರ್ಲ್ ಸೇಗನ್ ಅದನ್ನು ನಡೆಸಿಕೊಟ್ಟರು. ಅವರ ಜೊತೆ ಬರೆದವರು ಆ್ಯನ್ ಡ್ರುಯನ್ ಮತ್ತು ಸ್ಟೀವನ್ ಸೋಟರ್. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ದೂರದರ್ಶನ ಅದನ್ನು ತೋರಿಸಿತ್ತು. ಈಗ ಐವತ್ತು ದಾಟಿದ ಕೇಳುಗರಲ್ಲಿ ಕೆಲವರಿಗಾದರೂ ಆ ಕಂದು ಬಣ್ಣದ ಕೋಟು, ವ್ಯಾಂಜೆಲಿಸ್ ಸಂಗೀತ ನೆನಪಿರಬಹುದು. ಸೇಗನ್ 1996ರಲ್ಲಿ ತೀರಿಕೊಂಡರು. ಹೊಸ ಸರಣಿಯನ್ನು ಬರೆದವರು ಮತ್ತೆ ಅದೇ ಡ್ರುಯನ್ ಮತ್ತು ಸೋಟರ್. ಹಣ, ವಾಹಿನಿ ಹೊಂದಿಸಿಕೊಟ್ಟವರು ‘ಫ್ಯಾಮಿಲಿ ಗೈ’ ಎಂಬ ತುಂಟ ಕಾರ್ಟೂನಿನ ಸೇತ್ ಮ್ಯಾಕ್‌ಫರ್ಲೇನ್.

ಹಳಬರ ಪ್ರತಿಕ್ರಿಯೆ ನಿರೀಕ್ಷಿಸಿದ ಹಾಗೇ ಇತ್ತು. ಸೇಗನ್ ನಿಧಾನ ಇಲ್ಲ, ನಡುನಡುವೆ ಜಾಹೀರಾತು, ಗ್ರಾಫಿಕ್ಸ್ ಗದ್ದಲ ಜಾಸ್ತಿ. ಹೊಸಬರು ಅದೇ ಗ್ರಾಫಿಕ್ಸ್ ನೋಡಿ ಬೆರಗಾದರು. ಎರಡೂ ಬಣ ಕರಗಿದ್ದು ಕೊನೆಯ ಒಂದು ಘಟನೆಗೆ: 1975ರ ಡಿಸೆಂಬರಿನಲ್ಲಿ 17 ವರ್ಷದ ಹುಡುಗನಾಗಿ ಟೈಸನ್ ಸೇಗನ್‌ರನ್ನು ನೋಡಲು ಹೋಗಿದ್ದು, ಹಿಮ ಬೀಳುವಾಗ ಅವರು ಬಸ್ ನಿಲ್ದಾಣಕ್ಕೆ ಬಿಟ್ಟು, ಬಸ್ ಸಿಗದಿದ್ದರೆ ಮನೆಗೆ ಬಾ ಅಂತ ಫೋನ್ ನಂಬರ್ ಬರೆದುಕೊಟ್ಟದ್ದು. ಅದನ್ನು ನೋಡಿ ಕಣ್ಣು ಒದ್ದೆಯಾಗದವರು ಕಡಿಮೆ.

ಇನ್ನೊಂದು ಬಗೆಯ ಪ್ರತಿಕ್ರಿಯೆ ಒಕ್ಲಹೋಮಾ ನಗರದಿಂದ ಸುದ್ದಿಯಾಯಿತು. ಮೊದಲ ಕಂತಿನಲ್ಲಿ ಮನುಷ್ಯನ ವಿಕಾಸದ ಪ್ರಸ್ತಾಪ ಬರೋದು ಕೆಲವೇ ಸೆಕೆಂಡು. ಸರಿಯಾಗಿ ಆ ಜಾಗದಲ್ಲೇ ಅಲ್ಲಿನ ಸ್ಥಳೀಯ ಕೇಂದ್ರದಲ್ಲಿ ರಾತ್ರಿ ವಾರ್ತೆಯ ಜಾಹೀರಾತು ಬಂದು ಕೂತಿತು, ಸುಮಾರು 15 ಸೆಕೆಂಡು. ಕೇಂದ್ರದವರು ಅದು ಆಪರೇಟರ್ ಕೈತಪ್ಪು ಅಂದರು. ಜನ ನಂಬಲಿಲ್ಲ. ಮುಂದೆ ‘ಆನ್ಸರ್ಸ್ ಇನ್ ಜೆನೆಸಿಸ್’ ಎಂಬ ಸೃಷ್ಟಿವಾದಿ ಸಂಸ್ಥೆಯವರೊಬ್ಬರು ರೇಡಿಯೋದಲ್ಲಿ ಕೂತು, ನಮ್ಮ ವಾದಕ್ಕೂ ಈ ಸರಣಿಯಲ್ಲಿ ಜಾಗ ಇರಬೇಕಿತ್ತು ಅನ್ನೋ ಧಾಟಿಯಲ್ಲಿ ಮಾತಾಡಿದರು. ಇದೆಲ್ಲ ಅಮೆರಿಕದ ಹಳೇ ಜಗಳ, ಅದರಲ್ಲಿ ಹೊಸದೇನಿಲ್ಲ.

ಹೊಸದು ಇದ್ದದ್ದು ಇತಿಹಾಸಕಾರರ ಸಿಟ್ಟಿನಲ್ಲಿ. ವಿಜ್ಞಾನದ ಪರ ಇರುವ, ಸರಣಿ ಗೆಲ್ಲಲಿ ಅಂತ ಬಯಸಿದ ಜನ ಇವರು. ಅವರಿಗೆ ಸಿಟ್ಟು ಬಂದದ್ದು ಮೊದಲ ಕಂತಿನ ಹತ್ತು ನಿಮಿಷಕ್ಕೂ ಮಿಕ್ಕ ಒಂದು ಕಾರ್ಟೂನಿಗೆ. ಅದರ ನಾಯಕ ಜಿಯೋರ್ಡಾನೋ ಬ್ರೂನೋ.

ಕಾರ್ಟೂನಿನ ಕಥೆ ಹೀಗೆ: ಬಡ ಸನ್ಯಾಸಿ ಬ್ರೂನೋ, ನಿಷೇಧಿತ ಪುಸ್ತಕವೊಂದನ್ನು ಬಚ್ಚಿಟ್ಟು ಓದುತ್ತಾನೆ. ಅದು ಪ್ರಾಚೀನ ರೋಮಿನ ಕವಿ ಲುಕ್ರೀಷಿಯಸ್ ಬರೆದದ್ದು. ಕನಸಿನಲ್ಲಿ ಆಕಾಶದ ಪರದೆ ಸರಿಸಿ ಆಚೆ ನೋಡಿದರೆ ಕೊನೆಯಿಲ್ಲದ ವಿಶ್ವ, ಒಂದೊಂದು ನಕ್ಷತ್ರವೂ ಒಂದೊಂದು ಸೂರ್ಯ. ಅದನ್ನು ಹೇಳಿಕೊಂಡು ಊರೂರು ತಿರುಗುತ್ತಾನೆ, ಎಲ್ಲರೂ ನಗುತ್ತಾರೆ, ಕೊನೆಗೆ ಕ್ರೂರ ಮುಖದ ಪಾದ್ರಿಗಳು ಹಿಡಿದು ಸುಡುತ್ತಾರೆ.

ಇದರಲ್ಲಿ ಸುಳ್ಳೆಷ್ಟು? ಸುಟ್ಟದ್ದು ನಿಜ. 1600ರ ಫೆಬ್ರವರಿ 17, ರೋಮಿನ ಕಾಂಪೊ ದೆ ಫಿಯೋರಿ ಚೌಕ. ಅದಕ್ಕೆ ಮೊದಲು ವೆನಿಸ್, ರೋಮ್ ಎರಡೂ ಕಡೆ ಸೇರಿ ಸುಮಾರು ಎಂಟು ವರ್ಷದ ಸೆರೆ. ಆದರೆ ಮನುಷ್ಯ ಬೇರೆ ಥರದವನು. 1548ರಲ್ಲಿ ನೇಪಲ್ಸ್ ಹತ್ತಿರದ ನೋಲಾದಲ್ಲಿ ಹುಟ್ಟಿದ. ಪಾಪದ ಪ್ರಾಣಿ ಅಂತೂ ಅಲ್ಲ, ಮಹಾ ಜಗಳಗಂಟ. ಜಿನೀವಾಕ್ಕೆ ಹೋದ, ಅಲ್ಲಿನ ಪ್ರಾಧ್ಯಾಪಕನೊಬ್ಬನ ತಪ್ಪುಗಳನ್ನು ಪಟ್ಟಿಮಾಡಿ ಅಚ್ಚು ಹಾಕಿಸಿ ಜೈಲಿಗೆ ಬಿದ್ದ. ಕ್ಯಾಥೊಲಿಕರು ಹೋಗಲಿ, ಕಾಲ್ವಿನ್ ಪಂಥದವರು, ಲೂಥರ್ ಪಂಥದವರು ಎಲ್ಲರೂ ಅವನನ್ನು ಹೊರಗೆ ಹಾಕಿದವರೇ. ಹೊಟ್ಟೆಪಾಡಿಗೆ ಸಿರಿವಂತರಿಗೆ ನೆನಪಿನ ಕಲೆ ಕಲಿಸುತ್ತಿದ್ದ. ಅದನ್ನೇ ಕಲಿಯಲೆಂದು ವೆನಿಸ್‌ಗೆ ಕರೆಸಿಕೊಂಡ ಮೊಚೆನಿಗೊ ಎಂಬ ಶ್ರೀಮಂತ, ಕಲಿತದ್ದು ಸಾಲದು ಅನ್ನಿಸಿ, 1592ರಲ್ಲಿ ಅವನನ್ನು ವಿಚಾರಣಾ ಮಂಡಳಿಗೆ ಹಿಡಿದುಕೊಟ್ಟ.

ವಿಜ್ಞಾನ? 1584ರಲ್ಲಿ ಅವನು ಬರೆದ ‘ಬೂದಿ ಬುಧವಾರದ ಊಟ’ ಎಂಬ ಸಂವಾದದಲ್ಲಿ ಒಂದು ಮಜಾ ಪ್ರಸಂಗ ಇದೆ. ಊಟದ ಮೇಜಿನ ಮೇಲೆ ಕೋಪರ್ನಿಕಸ್‌ನ ಪುಸ್ತಕ ತೆರೆದು ವಾದ ನಡೆಯುತ್ತದೆ. ಚಿತ್ರದಲ್ಲಿ ಭೂಮಿಯನ್ನು ತೋರಿಸುವ ಒಂದು ಚುಕ್ಕಿ. ಬ್ರೂನೋ ಹೇಳುತ್ತಾನೆ: ಅದು ಭೂಮಿಯಲ್ಲ, ವೃತ್ತ ಬರೆಯುವಾಗ ಕೈವಾರದ ಮೊನೆ ಊರಿದ ಗುರುತು, ಭೂಮಿ, ಚಂದ್ರ ಎರಡೂ ಒಂದೇ ವೃತ್ತದ ಅಂಚಿನಲ್ಲಿ ಸುತ್ತುತ್ತವೆ. ಅಂದರೆ ಯಾರಿಗಾಗಿ ಸತ್ತ ಅಂತ ನಾವು ತಿಳಿದಿದ್ದೇವೋ ಆ ಕೋಪರ್ನಿಕಸ್‌ನನ್ನೇ ಇವನು ತಪ್ಪಾಗಿ ಓದಿದ್ದ!

ಕೊನೆಯಿಲ್ಲದ ವಿಶ್ವದ ಕಲ್ಪನೆಯೂ ಅವನೊಬ್ಬನದಲ್ಲ. ನಿಕೋಲಸ್ ಆಫ್ ಕೂಸಾ ಎಂಬಾತ 1440ರಲ್ಲೇ ವಿಶ್ವಕ್ಕೆ ಅಂಚಿಲ್ಲ, ಬೇರೆ ನಕ್ಷತ್ರಗಳಲ್ಲೂ ಜೀವಿಗಳಿರಬಹುದು ಅಂತ ಬರೆದಿದ್ದ. ಅವನನ್ನು ಸುಟ್ಟರಾ? ಇಲ್ಲ, ಕಾರ್ಡಿನಲ್ ಮಾಡಿದರು. ಇಂಗ್ಲೆಂಡಿನ ಥಾಮಸ್ ಡಿಗ್ಸ್ 1576ರಲ್ಲಿ ಕೋಪರ್ನಿಕಸ್‌ನ ಚಿತ್ರ ಬರೆದು, ಸುತ್ತ ನಕ್ಷತ್ರಗಳನ್ನು ಪುಟದ ಅಂಚಿನವರೆಗೂ ಚೆಲ್ಲಿದ್ದ. ಸರಣಿ ಬಂದ ವಾರದಲ್ಲೇ, ನಾಯಕ ಬೇಕಿದ್ದರೆ ಡಿಗ್ಸ್ ಆಗಬೇಕಿತ್ತು ಅಂತ ವಿಜ್ಞಾನ ಬರಹಗಾರ ಕೋರಿ ಪವೆಲ್ ವಾದಿಸಿದರು. ಸೋಟರ್ ಅದಕ್ಕೆ ಉದ್ದದ ಉತ್ತರವನ್ನೂ ಕೊಟ್ಟರು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಬ್ರೂನೋ ವಿಜ್ಞಾನಿಯಲ್ಲ, ಅವನದು ಪುರಾವೆಯಿಲ್ಲದ ಊಹೆ ಅಂತ ಸರಣಿಯಲ್ಲಿ ಟೈಸನ್ ಬಾಯಿಬಿಟ್ಟೇ ಹೇಳುತ್ತಾರೆ. ತ್ರಿಮೂರ್ತಿ ತತ್ತ್ವವನ್ನೂ ಕ್ರಿಸ್ತನ ದೈವತ್ವವನ್ನೂ ಪ್ರಶ್ನಿಸಿದ ಆರೋಪಗಳೂ ಕಾರ್ಟೂನಿನಲ್ಲಿ ಬರುತ್ತವೆ. ಆದರೆ ಚಿತ್ರ ಒಂದು ಹೇಳಿ ಮಾತು ಇನ್ನೊಂದು ಹೇಳಿದರೆ ಮನಸ್ಸಿನಲ್ಲಿ ಉಳಿಯೋದು ಚಿತ್ರ. ಹತ್ತು ನಿಮಿಷ ಬೆಂಕಿ ತೋರಿಸಿ ಅರ್ಧ ನಿಮಿಷ ‘ಆದರೆ’ ಅಂದರೆ ಯಾವ ಮಗುವಿಗೆ ಆ ‘ಆದರೆ’ ನೆನಪಿರುತ್ತೆ?

ಇತಿಹಾಸಕಾರರೆಲ್ಲ ಒಂದೇ ಕಡೆ ಇದ್ದಾರೆ ಅಂತಲೂ ತಿಳಿಯಬೇಡಿ. ರೋಮಿನ ವಿಚಾರಣೆಯ ಮೂಲ ಕಡತಗಳು ಕಳೆದುಹೋಗಿವೆ. ಇರುವುದು ಒಂದು ಸಾರಾಂಶ, ಅದೂ 1940ರಲ್ಲಿ ಸಿಕ್ಕದ್ದು. ಹಾಗಾಗಿ ಯಾವ ಆರೋಪ ಎಷ್ಟು ಭಾರ ಅಂತ ತೂಗೋದು ಕಷ್ಟ. 1964ರಲ್ಲಿ ಫ್ರಾನ್ಸಿಸ್ ಯೇಟ್ಸ್ ಎಂಬಾಕೆ ಬ್ರೂನೋನನ್ನು ಮಂತ್ರವಿದ್ಯೆಯ ಪರಂಪರೆಯ ಮನುಷ್ಯ ಅಂತ ಓದಿದ ಮೇಲೆ, ಅವನ ಸಾವಿಗೂ ಖಗೋಳಕ್ಕೂ ಸಂಬಂಧವೇ ಇಲ್ಲ ಅನ್ನುವಷ್ಟು ದೂರ ಕೆಲವರು ಹೋದರು. 2018ರಲ್ಲಿ ಆಲ್ಬರ್ಟೊ ಮಾರ್ಟಿನೆಜ್ ತಮ್ಮ ಪುಸ್ತಕದಲ್ಲಿ ಮತ್ತೆ ತಿರುಗಿಸಿ ಹೇಳಿದರು: ಅನೇಕ ಲೋಕಗಳಿವೆ ಅನ್ನೋದು ಚರ್ಚಿನ ಪಟ್ಟಿಗಳಲ್ಲೇ ಪಾಷಂಡ ಮತ ಅಂತ ದಾಖಲಾಗಿತ್ತು, ಬ್ರೂನೋ ವಿಷಯದಲ್ಲಿ ಅದು ಸಣ್ಣ ಆರೋಪವಲ್ಲ. ನನಗೆ ಮಾರ್ಟಿನೆಜ್ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತೆ. ಆದರೂ ಅವನು ಒಂದು ವಿಜ್ಞಾನದ ಹುತಾತ್ಮ ಆಗಲಾರ.

ಹಾಗಾದರೆ ಹುತಾತ್ಮ ಮಾಡಿದವರು ಯಾರು? ಇಲ್ಲಿ ಕಥೆ 19ನೇ ಶತಮಾನಕ್ಕೆ ಬರುತ್ತೆ. ಇಟಲಿ ಒಂದಾಗಿ, ರೋಮ್ ಪೋಪ್ ಕೈತಪ್ಪಿದ ಮೇಲೆ, 1889ರಲ್ಲಿ ಬ್ರೂನೋನನ್ನು ಸುಟ್ಟ ಜಾಗದಲ್ಲೇ ಅವನ ಪ್ರತಿಮೆ ನಿಲ್ಲಿಸಿದರು. ಮುಸುಕು ಹಾಕಿ, ತಲೆ ತಗ್ಗಿಸಿ ನಿಂತ ಆ ಕಂಚಿನ ಬ್ರೂನೋ ಚರ್ಚಿಗೆ ಹಾಕಿದ ಸವಾಲು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಎರಡು ಪುಸ್ತಕ ಬಂದವು: 1874ರಲ್ಲಿ ಜಾನ್ ಡ್ರೇಪರ್‌ದು, 1896ರಲ್ಲಿ ಆ್ಯಂಡ್ರೂ ಡಿಕ್ಸನ್ ವೈಟ್‌ದು. ವಿಜ್ಞಾನಕ್ಕೂ ಧರ್ಮಕ್ಕೂ ಮೊದಲಿನಿಂದ ಯುದ್ಧವೇ ನಡೆದಿದೆ ಅನ್ನೋದು ಎರಡರ ತಿರುಳು. ಈ ವೈಟ್ ಯಾರು ಗೊತ್ತೇ? ಕಾರ್ನೆಲ್ ವಿಶ್ವವಿದ್ಯಾಲಯದ ಸ್ಥಾಪಕರಲ್ಲಿ ಒಬ್ಬರು, ಅದರ ಮೊದಲ ಅಧ್ಯಕ್ಷರು. ಸೇಗನ್ ಪಾಠ ಮಾಡುತ್ತಿದ್ದದ್ದು ಅದೇ ಕಾರ್ನೆಲ್‌ನಲ್ಲಿ. ಸೋಟರ್ ಕೂಡ ಅಲ್ಲೇ ಇದ್ದವರು. ಇದನ್ನು ದೊಡ್ಡ ಸಂಚು ಅಂತ ಹೇಳ್ತಿಲ್ಲ, ಒಂದು ಮನೆಯ ಕಥೆ ಮೊಮ್ಮಕ್ಕಳವರೆಗೂ ಹೇಗೆ ಬರುತ್ತೋ ಹಾಗೆ.

ಹಾಗೆ ನೋಡಿದರೆ ಸೇಗನ್ ಸರಣಿಯೂ ಇದೇ ದಾರಿ ಹಿಡಿದಿತ್ತು. ಅಲ್ಲಿನ ಹುತಾತ್ಮೆ ಅಲೆಕ್ಸಾಂಡ್ರಿಯಾದ ಹೈಪೇಷಿಯಾ. 415ರಲ್ಲಿ ಕ್ರೈಸ್ತರ ಗುಂಪೊಂದು ಆಕೆಯನ್ನು ಕೊಂದದ್ದು ಸತ್ಯ. ಆದರೆ ಸೇಗನ್ ಆ ಸಾವನ್ನೂ ಅಲ್ಲಿನ ಮಹಾ ಗ್ರಂಥಾಲಯದ ನಾಶವನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಗ್ರಂಥಾಲಯ ಅದಕ್ಕಿಂತ ಬಹಳ ಮೊದಲೇ ಸೊರಗಿ ಹೋಗಿತ್ತು. ಹೈಪೇಷಿಯಾ ಸಿಕ್ಕಿಬಿದ್ದದ್ದು ಊರಿನ ಬಿಷಪ್ ಮತ್ತು ರಾಜ್ಯಪಾಲನ ನಡುವಿನ ರಾಜಕೀಯದಲ್ಲಿ. 1980ರಲ್ಲಿ ಇದನ್ನು ಎತ್ತಿ ಹೇಳಿದವರ ದನಿ ಮನೆಮನೆಗೆ ತಲುಪಲಿಲ್ಲ. 2014ರ ಹೊತ್ತಿಗೆ ಪ್ರತಿ ಇತಿಹಾಸಕಾರನ ಕೈಯಲ್ಲೂ ಮೊಬೈಲ್ ಇತ್ತು, ಅಷ್ಟೇ ವ್ಯತ್ಯಾಸ.

ಇಷ್ಟಕ್ಕೇ ಯಾಕೆ ಇಷ್ಟು ತಲೆಬಿಸಿ ಅಂದರೆ, ನಷ್ಟ ನಿಜವಾದದ್ದು. ವಿಕಾಸವಾದ ಒಪ್ಪದವರಿಗೆ ಈ ಕಾರ್ಟೂನು ಸುಲಭದ ಆಯುಧವಾಯಿತು: ಬ್ರೂನೋ ವಿಷಯದಲ್ಲೇ ಇವರು ಹೀಗೆ ಅಂದರೆ, ಉಳಿದದ್ದು ನಂಬೋದು ಹೇಗೆ? ಕೋಲು ಕೊಟ್ಟು ಪೆಟ್ಟು ತಿನ್ನೋದು ಅಂದರೆ ಇದೇ.

ನಾವು ನಗಬೇಕಾಗಿಲ್ಲ. ಸೇಗನ್ ಹಳೇ ಸರಣಿಯ ಹತ್ತನೇ ಕಂತಿಗಾಗಿ ತಮಿಳುನಾಡಿಗೆ ಬಂದಿದ್ದರು. ಚೋಳರ ದೇವಸ್ಥಾನ, ಪೊಂಗಲ್ ಹಬ್ಬ, ನಟರಾಜ ಎಲ್ಲಾ ಅದರಲ್ಲಿವೆ. ಬ್ರಹ್ಮನ ಒಂದು ಹಗಲು-ರಾತ್ರಿ ಸೇರಿದರೆ 864 ಕೋಟಿ ವರ್ಷ, ಆಧುನಿಕ ಖಗೋಳದ ಲೆಕ್ಕಕ್ಕೆ ಹತ್ತಿರ ಬರುವ ಕಾಲಮಾನ ಹಿಂದೂ ಧರ್ಮದಲ್ಲಿ ಮಾತ್ರ ಇದೆ ಅನ್ನುತ್ತಾರೆ. ಆ ತುಣುಕು ನಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತೆ, ನಿಮಗೂ ಬಂದಿರುತ್ತೆ. ಅದೇ ಹೆಸರಿನ ಪುಸ್ತಕದಲ್ಲಿ ಅದೇ ವಾಕ್ಯದ ನಡುವೆ ಸೇಗನ್ ಇನ್ನೊಂದು ಮಾತು ಸೇರಿಸಿದ್ದಾರೆ: ಈ ಹೊಂದಾಣಿಕೆ ಆಕಸ್ಮಿಕ, ಅದರಲ್ಲಿ ಅನುಮಾನ ಬೇಡ ಅಂತ. ಅದನ್ನು ಫಾರ್ವರ್ಡ್ ಮಾಡಿದವರನ್ನು ನಾನಂತೂ ನೋಡಿಲ್ಲ. ಒಕ್ಲಹೋಮಾದವರು 15 ಸೆಕೆಂಡು ನುಂಗಿದರು, ನಮಗೆ ಒಂದೆರಡು ಪದ ಸಾಕು.

ನನ್ನ ದೂರು ಬೇರೆ. ಅದೇ 2014ರ ಸರಣಿಯಲ್ಲಿ ಬೆಂಕಿ ಬೇಡದ ಒಳ್ಳೆ ಕಥೆಗಳಿದ್ದವು. ಮೂರನೇ ಕಂತಿನಲ್ಲಿ ರಾಬರ್ಟ್ ಹುಕ್‌ನನ್ನು ಕತ್ತಲಲ್ಲಿ ಕೂರಿಸಿ ಖಳನಾಯಕ ಮಾಡಿದ್ದನ್ನು ಬಿಟ್ಟುಬಿಡಿ, ಅದೂ ಕಾರ್ಟೂನೇ. ಎಂಟನೇ ಕಂತಿನ ಸಿಸಿಲಿಯಾ ಪೇನ್‌ರನ್ನು ನೋಡಿ. 1925ರಲ್ಲಿ, ನಕ್ಷತ್ರಗಳಲ್ಲಿ ಮುಖ್ಯವಾಗಿ ಇರೋದು ಹೈಡ್ರೋಜನ್ ಅಂತ ಕಂಡುಹಿಡಿದ 25 ವರ್ಷದ ಹೆಣ್ಣುಮಗಳು. ಹಿರಿಯ ಖಗೋಳ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಒಪ್ಪದ್ದರಿಂದ, ಈ ಫಲಿತಾಂಶ ಬಹುತೇಕ ಖಚಿತವಾಗಿ ನಿಜವಲ್ಲ ಅಂತ ತನ್ನದೇ ಪ್ರಬಂಧದಲ್ಲಿ ತಾನೇ ಬರೆಯಬೇಕಾಯಿತು. ನಾಲ್ಕು ವರ್ಷದ ಮೇಲೆ ರಸೆಲ್ ತಾವೇ ಬೇರೆ ದಾರಿಯಿಂದ ಅಲ್ಲಿಗೆ ಬಂದು, ಅವಳು ಹೇಳಿದ್ದು ಸರಿ ಅಂತ ಒಪ್ಪಿದರು. ಯಾರನ್ನೂ ಸುಡಲಿಲ್ಲ, ಆದರೆ ಎದೆ ಹಿಂಡುತ್ತೆ.

ಏಳನೇ ಕಂತು ಇನ್ನೂ ಒಳ್ಳೇದು. ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸು ಅಳೆಯಲು ಕೂತವರು. ಉಲ್ಕಾಶಿಲೆಯೊಳಗಿನ ಸೀಸದಿಂದ 1956ರಲ್ಲಿ 455 ಕೋಟಿ ವರ್ಷ ಅಂತ ಲೆಕ್ಕ ಕೊಟ್ಟರು. ಇವತ್ತಿಗೂ ಅದು ಹೆಚ್ಚುಕಡಿಮೆ ಹಾಗೇ ಇದೆ. ಆದರೆ ಅಳತೆ ಮಾಡುವಾಗೆಲ್ಲ ಲ್ಯಾಬಿನ ಗಾಳಿ, ಧೂಳು, ಕೈ, ಎಲ್ಲದರಿಂದಲೂ ಸೀಸ ಬಂದು ಸೇರಿಕೊಳ್ಳುತ್ತಿತ್ತು. ಎಲ್ಲಿಂದ ಇಷ್ಟು ಸೀಸ ಅಂತ ಹುಡುಕಿದರೆ, ಹೆಚ್ಚಿನದು ಪೆಟ್ರೋಲಿನಿಂದ. 1965ರಲ್ಲಿ ಅವರು ಅದನ್ನು ಬರೆದ ಮೇಲೆ ಸಂಶೋಧನೆಯ ಹಣ ಕೈತಪ್ಪಿತು. 1971ರಲ್ಲಿ ಗಾಳಿಯಲ್ಲಿನ ಸೀಸದ ಬಗ್ಗೆ ಮಾಡಿದ ತಜ್ಞ ಸಮಿತಿಯಿಂದಲೇ ಅವರನ್ನು ಹೊರಗಿಟ್ಟರು. ಅವರು ಬಿಡಲಿಲ್ಲ. ಹಿಮದ ಪದರ, ಸಮುದ್ರದ ನೀರು ಅಂತ ಅಳೆಯುತ್ತಲೇ ಹೋದರು.

ಪ್ಯಾಟರ್ಸನ್ 1995ರಲ್ಲಿ ತೀರಿಕೊಂಡರು. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರವರಿ 1ರಂದು. ಬೆಂಗಳೂರಿನ ಬಂಕ್‌ಗಳಲ್ಲಿ ಆಗೆಲ್ಲ ‘ಅನ್‌ಲೆಡೆಡ್’ ಅಂತ ಬರೆದ ಪಂಪ್ ನೋಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮನೆಯಲ್ಲಿ ಮಕ್ಕಳಿದ್ದರೆ ಮೊದಲು ಈ ಏಳನೇ ಕಂತು ಹಾಕಿ. ಬ್ರೂನೋ ಆಮೇಲೆ ಬರಲಿ. ಬಂದಾಗ ಆ ಊಟದ ಮೇಜಿನ ಜಗಳ, ಕೈವಾರದ ಚುಕ್ಕಿ, ಅದನ್ನೂ ಹೇಳಿ. ಮಕ್ಕಳಿಗೆ ಅದೇ ಹೆಚ್ಚು ಇಷ್ಟ ಆಗುತ್ತೆ ನೋಡಿ.